ತಾಮ್ರದ ಅಯಾನಿನ ಆವೇಶ: ಕಾಗದದ ಮೇಲೆ ಎಣಿಸಿ, ತಕ್ಕಡಿಯಲ್ಲಿ ತೂಗಿ

ತಾಮ್ರದ ಅಯಾನಿನ (ಎಲೆಕ್ಟ್ರಾನ್ ಕಳೆದುಕೊಂಡ ಅಥವಾ ಪಡೆದ ಪರಮಾಣುವೇ ಅಯಾನು) ಆವೇಶ 2+ ಎಂದು ಪುಸ್ತಕದಲ್ಲಿ ಇರುತ್ತದೆ. ಯಾಕೆ 1 ಅಲ್ಲ, 3 ಅಲ್ಲ ಎಂದು ಕೇಳಿದರೆ ‘ಅದರ ವೇಲೆನ್ಸಿ 2’ ಎಂಬ ಉತ್ತರ ಬರುತ್ತದೆ. ಅದೇ ಮಾತಿಗೆ ಇನ್ನೊಂದು ಹೆಸರು ಕೊಟ್ಟಂತಾಯಿತೇ ಹೊರತು ಕಾರಣ ತಿಳಿಯಲಿಲ್ಲ. ಈ 2 ಅನ್ನು ಬಾಯಿಪಾಠ ಮಾಡಬೇಕಿಲ್ಲ, ಅಳೆದೇ ನೋಡಬಹುದು. ಒಂದಿಷ್ಟು ಮೈಲುತುತ್ತ (ತಾಮ್ರದ ಸಲ್ಫೇಟ್), ಮೂರು ತಾಮ್ರದ ತಗಡು, ಹಳೆಯ ಮೊಬೈಲ್ ಚಾರ್ಜರ್, ಮಲ್ಟಿಮೀಟರ್, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಪ್ರೌಢಶಾಲೆ ಅಥವಾ ಪಿಯು ಪ್ರಯೋಗಾಲಯದಲ್ಲಿ, ಶಿಕ್ಷಕರು ಜೊತೆಗಿದ್ದು ಮಾಡಿಸುವುದು ಒಳ್ಳೆಯದು.

ಮೊದಲು ಕಾಗದದ ಲೆಕ್ಕ

ಸೂತ್ರ ಒಂದೇ ಸಾಲು: ಅಯಾನಿನ ಆವೇಶ = ಪ್ರೋಟಾನ್‌ಗಳ ಸಂಖ್ಯೆ − ಎಲೆಕ್ಟ್ರಾನ್‌ಗಳ ಸಂಖ್ಯೆ.

ಪ್ರೋಟಾನ್‌ಗಳ ಸಂಖ್ಯೆಯೇ ಪರಮಾಣು ಸಂಖ್ಯೆ. ರಾಸಾಯನಿಕ ಕ್ರಿಯೆಯಲ್ಲಿ ಅದು ಕದಲುವುದಿಲ್ಲ. ಬಂದು ಹೋಗುವುದೆಲ್ಲ ಎಲೆಕ್ಟ್ರಾನು. ನ್ಯೂಟ್ರಾನಿಗೆ ಆವೇಶವೇ ಇಲ್ಲದ್ದರಿಂದ ರಾಶಿ ಸಂಖ್ಯೆಯನ್ನು (ಪ್ರೋಟಾನು, ನ್ಯೂಟ್ರಾನುಗಳ ಮೊತ್ತ) ಈ ಲೆಕ್ಕಕ್ಕೆ ತರಬೇಡಿ. ಕ್ಲೋರಿನ್ 35 ಇರಲಿ, 37 ಇರಲಿ, ಕ್ಲೋರೈಡಿನ ಆವೇಶ 1−.

ಸೋಡಿಯಂನಲ್ಲಿ 11 ಪ್ರೋಟಾನುಗಳಿವೆ. ಉಪ್ಪಿನೊಳಗಿನ ಸೋಡಿಯಂ ಅಯಾನಿನಲ್ಲಿ ಎಲೆಕ್ಟ್ರಾನುಗಳು 10. ಹಾಗಾಗಿ 11 − 10, ಅಂದರೆ 1+. ಕ್ಲೋರೈಡಿನಲ್ಲಿ 17 ಪ್ರೋಟಾನು, 18 ಎಲೆಕ್ಟ್ರಾನು: 1−. ಅಲ್ಯೂಮಿನಿಯಂ 13ಕ್ಕೆ 10: 3+. ಇಲ್ಲಿ ಹೆಚ್ಚಿನವರು ಎಡವುವುದು ಪ್ಲಸ್ ಚಿಹ್ನೆಯ ಬಳಿ. ‘ಪ್ಲಸ್ ಇದೆ, ಅಂದರೆ ಏನೋ ಸೇರಿದೆ’ ಎಂದುಕೊಂಡು ಎಲೆಕ್ಟ್ರಾನನ್ನು ಕೂಡಿಸಿಬಿಡುತ್ತಾರೆ. ಎಲೆಕ್ಟ್ರಾನನ್ನು ಸಾಲ ಎಂದು ಭಾವಿಸಿ: ಎರಡು ಸಾಲ ತೀರಿದರೆ ಲೆಕ್ಕ ಎರಡು ಮೇಲೇರುತ್ತದೆ, ಹೊಸ ಸಾಲ ಬಂದರೆ ಕೆಳಗಿಳಿಯುತ್ತದೆ. ಇನ್ನು ಕೆಲವರು ‘ಪ್ರೋಟಾನ್ ಒಂದು ಹೆಚ್ಚಾಯಿತು’ ಎಂದು ಬರೆಯುತ್ತಾರೆ. ಹಾಗಾದರೆ ಅದು ಸೋಡಿಯಂ ಆಗಿ ಉಳಿಯುವುದಿಲ್ಲ, ಮೆಗ್ನೀಸಿಯಂ ಆಗುತ್ತದೆ.

ಹಲವು ಪರಮಾಣುಗಳ ಅಯಾನಿಗೂ ಇದೇ ಲೆಕ್ಕ, ಒಟ್ಟಿಗೆ ಎಣಿಸಬೇಕು ಅಷ್ಟೆ. ಸಲ್ಫೇಟಿನಲ್ಲಿ ಒಂದು ಗಂಧಕ, ನಾಲ್ಕು ಆಮ್ಲಜನಕ: 16 + (4 × 8) = 48 ಪ್ರೋಟಾನು. ಎಲೆಕ್ಟ್ರಾನುಗಳು 50. ಆವೇಶ 2−. ಈ 2− ಇಡೀ ಗುಂಪಿನದು. ಗಂಧಕದ ಮೇಲೊಂದು, ಆಮ್ಲಜನಕದ ಮೇಲೊಂದು ಎಂದು ಹಂಚಿ ಬರೆಯುವಂಥದ್ದಲ್ಲ. ಅಮೋನಿಯಂ: 7 + 4 = 11 ಪ್ರೋಟಾನು, 10 ಎಲೆಕ್ಟ್ರಾನು, ಆವೇಶ 1+. ಸೋಡಿಯಂ ಅಯಾನಿನ ಲೆಕ್ಕವೂ ಇದೇ ಅಂಕಿಗಳದ್ದು.

ಕಬ್ಬಿಣ, ತಾಮ್ರಗಳಲ್ಲಿ ಮಾತ್ರ ಒಂದು ಎಚ್ಚರ ಬೇಕು. ಇವು ಎಲೆಕ್ಟ್ರಾನ್ ಕಳೆದುಕೊಳ್ಳುವಾಗ 3ಡಿ ಉಪಕವಚಕ್ಕಿಂತ ಮೊದಲು 4ಎಸ್ ಉಪಕವಚ ಖಾಲಿಯಾಗುತ್ತದೆ (ಉಪಕವಚ ಎಂದರೆ ಎಲೆಕ್ಟ್ರಾನುಗಳು ಇರುವ ಪದರದ ಒಂದು ಭಾಗ). ತುಂಬುವಾಗ 4ಎಸ್ ಮೊದಲು ತುಂಬಿದ್ದರಿಂದ ಖಾಲಿಯಾಗುವಾಗ ಅದು ಕೊನೆಗೆ ಎಂದು ಊಹಿಸಿದರೆ ತಪ್ಪಾಗುತ್ತದೆ. ಕಬ್ಬಿಣದ 26 ಎಲೆಕ್ಟ್ರಾನುಗಳಲ್ಲಿ 24 ಉಳಿದರೆ 2+, 23 ಉಳಿದರೆ 3+. ತಾಮ್ರದ 29ರಲ್ಲಿ 28 ಉಳಿದರೆ 1+, 27 ಉಳಿದರೆ 2+. ಎರಡೂ ನಿಜವಾದ ಅಯಾನುಗಳೇ. ಯಾವುದು ಸಿಗುತ್ತದೆ ಎನ್ನುವುದನ್ನು ಸುತ್ತಲಿನ ದ್ರಾವಣ ತೀರ್ಮಾನಿಸುತ್ತದೆ. ಬರೀ ನೀರಿನಲ್ಲಿ 2+ ಗೆಲ್ಲುತ್ತದೆ, ಯಾಕೆಂದರೆ ನೀರಿನ ಅಣುಗಳು 2+ ಅಯಾನನ್ನು ಬಹಳ ಬಿಗಿಯಾಗಿ ಸುತ್ತುವರಿಯುತ್ತವೆ. ಕ್ಲೋರೈಡ್ ದಟ್ಟವಾಗಿರುವ ಕಡೆ 1+ ಕೂಡ ನಿಲ್ಲುತ್ತದೆ. ಕೆಳಗಿನ ಎರಡು ಪ್ರಯೋಗಗಳು ಒಂದೇ ಲೋಹದ ಈ ಎರಡು ಆವೇಶಗಳನ್ನು ಬೇರೆಬೇರೆಯಾಗಿ ತೋರಿಸುತ್ತವೆ.

ಬರೆಯುವ ರೀತಿಯನ್ನೂ ಹೇಳಿಬಿಡಬೇಕು. ಅಯಾನಿನ ಆವೇಶದಲ್ಲಿ ಅಂಕಿ ಮೊದಲು, ಚಿಹ್ನೆ ಆಮೇಲೆ: 2+. ಉತ್ಕರ್ಷಣ ಸಂಖ್ಯೆಯಾದರೆ (ಸಂಯುಕ್ತದಲ್ಲಿ ಪರಮಾಣುವಿಗೆ ಲೆಕ್ಕಕ್ಕಾಗಿ ಕೊಡುವ ಆವೇಶ) ಚಿಹ್ನೆ ಮೊದಲು: +2.

ಇಷ್ಟು ಸಣ್ಣದನ್ನು ತಕ್ಕಡಿ ಹೇಗೆ ಹಿಡಿಯುತ್ತದೆ?

ಒಂದು ಎಲೆಕ್ಟ್ರಾನಿನ ಆವೇಶದ ಪ್ರಮಾಣ 1.602 × 10⁻¹⁹ ಕೂಲಂಬ್. 2019ರ ಮೇ 20ರಿಂದ ಇದರ ಪೂರ್ಣ ಬೆಲೆ 1.602176634 × 10⁻¹⁹ ಎಂದೇ ನಿಗದಿಯಾಗಿದ್ದು, ಆಂಪಿಯರಿನ ವ್ಯಾಖ್ಯೆ ಇದರ ಮೇಲೆ ನಿಂತಿದೆ. ಒಂದೊಂದು ಅಯಾನನ್ನು ನಾವು ಅಳೆಯಲಾರೆವು. ಆದರೆ ಒಂದು ಗಂಟೆ ಹರಿದ ಕರೆಂಟಿನಿಂದ ಎಷ್ಟು ಎಲೆಕ್ಟ್ರಾನು ದಾಟಿದವು ಎಂದು ಲೆಕ್ಕ ಹಾಕಬಹುದು. ತಗಡಿನ ಮೇಲೆ ಕೂತ ತಾಮ್ರವನ್ನು ತೂಗಿ ಎಷ್ಟು ಪರಮಾಣು ಕೂತವು ಎಂದೂ ಲೆಕ್ಕ ಹಾಕಬಹುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಂದೊಂದು ಪರಮಾಣುವಿಗೆ ಬೇಕಾದ ಎಲೆಕ್ಟ್ರಾನುಗಳ ಸಂಖ್ಯೆ ಸಿಗುತ್ತದೆ. ಅದೇ ಅಯಾನಿನ ಆವೇಶ.

ಅಯಾನಿನ ಮೇಲೆ ಅರ್ಧ, ಕಾಲು ಆವೇಶ ಇರುವುದಿಲ್ಲ. ಉತ್ತರ 1, 2, 3ರಲ್ಲಿ ಒಂದಾಗಲೇಬೇಕು. ಹಾಗಾಗಿ ಶೇಕಡಾ 5ರಷ್ಟು ತಪ್ಪಾದರೂ ತೀರ್ಪು ಕೆಡುವುದಿಲ್ಲ. ಅಗ್ಗದ ತಕ್ಕಡಿ ಸಾಕಾಗುವುದು ಇದೇ ಕಾರಣಕ್ಕೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ಹರಿದ ಕರೆಂಟಿಗೂ ಕೂತ ತೂಕಕ್ಕೂ ಇರುವ ನಿಯಮಗಳನ್ನು ಕಂಡುಕೊಂಡಾಗ ಎಲೆಕ್ಟ್ರಾನ್ ಎಂಬ ಕಣವೇ ಯಾರಿಗೂ ಗೊತ್ತಿರಲಿಲ್ಲ. ತೂಕ ಮತ್ತು ಕರೆಂಟು, ಇವೆರಡೇ ಅವರ ಕೈಯಲ್ಲಿದ್ದವು.

ಬೇಕಾದ ಸಾಮಾನು

- ತಾಮ್ರದ ತಗಡು ಮೂರು: 5 × 8 ಸೆಂ.ಮೀ., ಸುಮಾರು ಅರ್ಧ ಮಿ.ಮೀ. ದಪ್ಪ. ಒಂದೊಂದು 18 ಗ್ರಾಂ ಆಸುಪಾಸು ತೂಗುತ್ತದೆ. ಹಿತ್ತಾಳೆ ಬೇಡ, ಅದರ ಸತು ಲೆಕ್ಕ ಕೆಡಿಸುತ್ತದೆ.
- ಮೈಲುತುತ್ತದ ನೀಲಿ ಹರಳು 75 ಗ್ರಾಂ
- ಡಿಸ್ಟಿಲ್ಡ್ ವಾಟರ್ 450 ಮಿ.ಲೀ.
- ಬ್ಯಾಟರಿ ಆಸಿಡ್ 50 ಮಿ.ಲೀ. (ಅಂಗಡಿಯಲ್ಲಿ ತೆಳು ಮಾಡಿಯೇ ಮಾರುವ ಗಂಧಕಾಮ್ಲ)
- 5 ವೋಲ್ಟಿನ, 1 ಆಂಪಿಯರ್ ಅಥವಾ ಹೆಚ್ಚಿನ ಚಾರ್ಜರ್. 10 ಓಮ್, 5 ವ್ಯಾಟ್ ರೆಸಿಸ್ಟರ್
- ಮಲ್ಟಿಮೀಟರ್, ಕ್ಲಿಪ್ ಇರುವ ವೈರುಗಳು, ಅಗಲ ಬಾಯಿಯ ಗಾಜಿನ ಜಾಡಿ, ಕನ್ನಡಕ, ಕೈಗವಸು

ಅಡಿಕೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ಔಷಧಿ) ಮಾಡಲು ಮಾರುವ ಮೈಲುತುತ್ತವೂ ಆಗುತ್ತದೆ. ಆದರೆ ಅದರಲ್ಲಿ ಕಬ್ಬಿಣದ ಅಂಶವಿದ್ದರೆ ಉತ್ತರ 2ಕ್ಕಿಂತ ಮೇಲೆ ಸರಿಯುತ್ತದೆ: ಕಬ್ಬಿಣದ 3+ ಅಯಾನು ತಗಡಿನ ಬಳಿ ಎಲೆಕ್ಟ್ರಾನನ್ನು ಕಸಿದು 2+ ಆಗುತ್ತದೆ, ಕೂತ ತಾಮ್ರವನ್ನೂ ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ಪ್ರಯೋಗಾಲಯದ ಹರಳು ಸಿಕ್ಕರೆ ಅದೇ ಮೇಲು. ಬೋರ್‌ವೆಲ್ ನೀರನ್ನಂತೂ ಬಳಸಬೇಡಿ. ಅದರ ಕ್ಲೋರೈಡ್ 1+ ತಾಮ್ರಕ್ಕೆ ದಾರಿ ಮಾಡಿಕೊಡುತ್ತದೆ, ಕ್ಯಾಲ್ಸಿಯಂ ಆಸಿಡ್ ಜೊತೆ ಸೇರಿ ದ್ರಾವಣವನ್ನು ಬಿಳಿಚಾಗಿಸಬಹುದು.

ಆಸಿಡ್ ಯಾಕೆ ಬೇಕು ಎಂದರೆ, ಅದಿಲ್ಲದೆ ತಗಡಿನ ಮೇಲೆ ತಾಮ್ರದ ಜೊತೆ ಕಂದು ಬಣ್ಣದ ಕ್ಯುಪ್ರಸ್ ಆಕ್ಸೈಡ್ (1+ ತಾಮ್ರ ಮತ್ತು ಆಮ್ಲಜನಕದ ಸಂಯುಕ್ತ) ಕೂಡ ಕೂರಬಹುದು. ಆಗ ತಕ್ಕಡಿ ಆಮ್ಲಜನಕವನ್ನೂ ತಾಮ್ರವೆಂದು ತೂಗುತ್ತದೆ. ಮೊದಲು ಹರಳನ್ನು ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಕಲಕುತ್ತಾ ಆಸಿಡನ್ನು ಸಣ್ಣ ಧಾರೆಯಾಗಿ ಸೇರಿಸಿ. ಆಸಿಡ್ಡಿಗೆ ನೀರು ಸುರಿಯಬಾರದು.

ಜೋಡಣೆ

ತಗಡುಗಳನ್ನು ನಯವಾದ ಎಮೆರಿ ಕಾಗದದಿಂದ ಉಜ್ಜಿ, ಹುಣಸೆಹುಳಿಯಿಂದ ತಿಕ್ಕಿ, ಚೆನ್ನಾಗಿ ತೊಳೆಯಿರಿ. ಇದಾದ ಮೇಲೆ ಬೆರಳಿನಿಂದ ಮುಟ್ಟಬೇಡಿ, ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಜಿಡ್ಡಿದ್ದ ಕಡೆ ತಾಮ್ರ ಕೂತರೂ ಕಚ್ಚಿಕೊಳ್ಳುವುದಿಲ್ಲ, ತೊಳೆಯುವಾಗ ಸಿಪ್ಪೆಯಂತೆ ಬರುತ್ತದೆ.

ಜಾಡಿಯಲ್ಲಿ ಮೂರು ತಗಡುಗಳನ್ನು ಸಮಾನಾಂತರವಾಗಿ, 2–3 ಸೆಂ.ಮೀ. ಅಂತರದಲ್ಲಿ ಇಳಿಬಿಡಿ. ನಡುವಿನದು ಕ್ಯಾಥೋಡ್ (ಋಣ ತುದಿಗೆ ಸೇರುವ, ತಾಮ್ರ ಕೂರುವ ತಗಡು), ಎರಡು ಪಕ್ಕದವು ಆನೋಡ್ (ಧನ ತುದಿಗೆ ಸೇರುವ, ತಾಮ್ರ ಕರಗುವ ತಗಡು). 6 ಸೆಂ.ಮೀ. ಮುಳುಗಿದರೆ ಕ್ಯಾಥೋಡಿನ ಎರಡೂ ಮುಖ ಸೇರಿ 60 ಚದರ ಸೆಂ.ಮೀ. ಆಯಿತು. ಅರ್ಧ ಆಂಪಿಯರಿಗೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 8 ಮಿಲಿಆಂಪಿಯರ್ ಬರುತ್ತದೆ. 2ರಿಂದ 20ರ ನಡುವೆ ಇದ್ದರೆ ತಾಮ್ರ ಗಟ್ಟಿಯಾಗಿ, ಗುಲಾಬಿ ಬಣ್ಣದಲ್ಲಿ ಕೂರುತ್ತದೆ. ಒಂದೇ ಆನೋಡ್ ಇಟ್ಟರೆ ಅದರ ಎದುರಿನ ಮುಖವೇ ಹೆಚ್ಚು ಹೊರೆ ಹೊರುತ್ತದೆ, ಅದಕ್ಕೇ ಎರಡು. ಉಕ್ಕಿನ ಕ್ಲಿಪ್‌ಗಳು ದ್ರಾವಣಕ್ಕೆ ತಾಗಬಾರದು. ತಾಗಿದರೆ ಕರೆಂಟಿಲ್ಲದೆಯೇ ಅವುಗಳ ಮೇಲೆ ತಾಮ್ರ ಕೂರುತ್ತದೆ.

ಚಾರ್ಜರ್ ಹಳೆಯ ಮಾದರಿಯ, ಅಗಲವಾದ ಚಪ್ಪಟೆ ಯುಎಸ್‌ಬಿ ಬಾಯಿಯದಾಗಿರಲಿ. ಟೈಪ್-ಸಿ ಬಾಯಿಯ ಚಾರ್ಜರ್‌ಗಳು ಎದುರಿಗೆ ಫೋನ್ ಇದೆ ಎಂದು ಖಾತ್ರಿಯಾಗದೆ ವೋಲ್ಟೇಜ್ ಕೊಡುವುದಿಲ್ಲ. ಕೇಬಲನ್ನು ಕತ್ತರಿಸಿದರೆ ಸಾಮಾನ್ಯವಾಗಿ ಕೆಂಪು ಧನ, ಕಪ್ಪು ಋಣ. ಆದರೂ ಮಲ್ಟಿಮೀಟರಿನಲ್ಲಿ ನೋಡಿಯೇ ನಂಬಿ. ಉಳಿದ ವೈರುಗಳನ್ನು ಬೇರೆಬೇರೆಯಾಗಿ ಟೇಪ್ ಸುತ್ತಿ. ಚಾರ್ಜರಿನ ಡಬ್ಬಿಯನ್ನು ಬಿಚ್ಚಬೇಡಿ, ಒಳಗೆ ಮನೆಯ ಕರೆಂಟ್ ಇರುತ್ತದೆ.

ದಾರಿ ಹೀಗೆ: ಕೆಂಪು ವೈರು, 10 ಓಮ್ ರೆಸಿಸ್ಟರ್, ಮಲ್ಟಿಮೀಟರ್ (ಆಂಪಿಯರಿಗೆ, 10ಎ ತೂತಿನಲ್ಲಿ), ಅಲ್ಲಿಂದ ಎರಡೂ ಆನೋಡುಗಳು, ದ್ರಾವಣ, ಕ್ಯಾಥೋಡ್, ಕಪ್ಪು ವೈರು. ತಾಮ್ರದಿಂದ ತಾಮ್ರಕ್ಕೆ ಹೋಗುವ ಈ ಕೋಶ ತಾನು ತಿನ್ನುವುದು ಒಂದು ವೋಲ್ಟಿನ ಹತ್ತು ಪಾಲಿನಲ್ಲಿ ಕೆಲವು ಪಾಲು ಮಾತ್ರ. ಉಳಿದದ್ದೆಲ್ಲ ರೆಸಿಸ್ಟರಿಗೆ ಹೋಗುವುದರಿಂದ ಕರೆಂಟ್ 0.47 ಆಂಪಿಯರ್ ಹತ್ತಿರ ಸ್ಥಿರವಾಗಿ ನಿಲ್ಲುತ್ತದೆ. ರೆಸಿಸ್ಟರ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ಕಿನ ಮೇಲೆ ಇಡಬೇಡಿ.

ಮಲ್ಟಿಮೀಟರನ್ನು ಎರಡೂ ಆನೋಡುಗಳು ಕೂಡುವ ಜಾಗಕ್ಕಿಂತ ಮೊದಲೇ ಸೇರಿಸಬೇಕು. ಒಂದೇ ಆನೋಡಿನ ಕವಲಿನಲ್ಲಿ ಸೇರಿಸಿದರೆ ಅದು ಅರ್ಧ ಕರೆಂಟನ್ನಷ್ಟೇ ತೋರಿಸುತ್ತದೆ, ಕೊನೆಯ ಉತ್ತರ 1ರ ಹತ್ತಿರ ಬರುತ್ತದೆ. ಇದು ಬಹಳ ಕೆಟ್ಟ ತಪ್ಪು, ಏಕೆಂದರೆ ಪೂರ್ಣಾಂಕ ಬಂದಿದ್ದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ.

ಓಡಿಸುವುದು ಮತ್ತು ತೂಗುವುದು

ಮೊದಲು 10 ನಿಮಿಷ ಸುಮ್ಮನೆ ಓಡಿಸಿ. ಕ್ಯಾಥೋಡಿನ ಮೇಲೆ ಹೊಸ ತಾಮ್ರದ ಪದರ ಬಂದ ಮೇಲೆ ಅದನ್ನು ತೆಗೆದು, ಎರಡು ಬಾರಿ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಒಮ್ಮೆ ಸ್ಪಿರಿಟ್ಟಿನಲ್ಲಿ ಅದ್ದಿ, ಫ್ಯಾನ್ ಗಾಳಿಗೆ ಒಣಗಿಸಿ. ಒರೆಸಬೇಡಿ. ಒಲೆಯ ಹತ್ತಿರವೂ ಹಿಡಿಯಬೇಡಿ. ಸ್ಪಿರಿಟ್ ಹೊತ್ತಿಕೊಳ್ಳುತ್ತದೆ, ಬಿಸಿ ತಾಮ್ರ ಗಾಳಿಯ ಆಮ್ಲಜನಕ ಹಿಡಿದು ಕಪ್ಪಾಗಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಮೂರು ಬಾರಿ ತೂಗಿ, ಸರಾಸರಿ ಬರೆದುಕೊಳ್ಳಿ. ಇದು ಮೊದಲ ತೂಕ.

ತಗಡನ್ನು ಮತ್ತೆ ಇಳಿಸಿ, ಗಡಿಯಾರ ನೋಡಿ ಶುರು ಮಾಡಿ, ಸರಿಯಾಗಿ 60 ನಿಮಿಷ. ಐದೈದು ನಿಮಿಷಕ್ಕೆ ಕರೆಂಟ್ ಬರೆದುಕೊಳ್ಳಿ, ಗಾಜಿನ ಕಡ್ಡಿಯಿಂದ ಒಮ್ಮೆ ಮೆಲ್ಲಗೆ ಕಲಕಿ. ಮುಗಿದ ತಕ್ಷಣ ಕ್ಯಾಥೋಡನ್ನು ಹೊರಗೆ ತೆಗೆಯಿರಿ. ಕರೆಂಟಿಲ್ಲದೆ ದ್ರಾವಣದಲ್ಲಿ ಬಿಟ್ಟರೆ ಕರಗಿರುವ ಆಮ್ಲಜನಕ ಮತ್ತು ಆಸಿಡ್ ಸೇರಿ ತಾಮ್ರವನ್ನು ಕೊರೆಯತೊಡಗುತ್ತವೆ. ಮೊದಲಿನಂತೆಯೇ ಅದ್ದಿ, ಒಣಗಿಸಿ, ತೂಗಿ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಸರಾಸರಿ ಕರೆಂಟ್ 0.47 ಆಂಪಿಯರ್, ಹೆಚ್ಚಿದ ತೂಕ 0.55 ಗ್ರಾಂ ಎಂದಿಟ್ಟುಕೊಳ್ಳಿ.

ಹರಿದ ಆವೇಶ: 0.47 × 3600 = 1692 ಕೂಲಂಬ್.
ದಾಟಿದ ಎಲೆಕ್ಟ್ರಾನುಗಳು: 1692 ÷ (1.602 × 10⁻¹⁹) = 1.056 × 10²².
ಕೂತ ಪರಮಾಣುಗಳು (63.55 ಗ್ರಾಂ ತಾಮ್ರದಲ್ಲಿ 6.022 × 10²³ ಪರಮಾಣುಗಳಿರುತ್ತವೆ): (0.55 ÷ 63.55) × 6.022 × 10²³ = 5.21 × 10²¹.
ಭಾಗಿಸಿದರೆ: 2.03.

ನಿಮಿಷವನ್ನು ಸೆಕೆಂಡಿಗೆ ಬದಲಿಸದೆ ಗುಣಿಸುವುದು ಇಲ್ಲಿನ ಸಾಮಾನ್ಯ ತಪ್ಪು. ಬೇಗ ಪರೀಕ್ಷಿಸಲು ಒಂದು ಅಳತೆಗೋಲು ನೆನಪಿಡಿ: 1000 ಕೂಲಂಬಿಗೆ 0.33 ಗ್ರಾಂ ತಾಮ್ರ ಕೂತರೆ ಆವೇಶ 2+, 0.66 ಗ್ರಾಂ ಆದರೆ 1+.

ಉತ್ತರ ಸರಿದರೆ

2.02, 2.05 ಬಂದರೆ ಸಂತೋಷಪಡಿ. ಚೂರು ಮೇಲೆ ಬರುವುದೇ ಸಹಜ, ಸ್ವಲ್ಪ ತಾಮ್ರ ಮತ್ತೆ ಕರಗಿರುತ್ತದೆ. 2.3 ದಾಟಿದರೆ ತೊಳೆದ ನೀರನ್ನು ನೋಡಿ. ಅದರಲ್ಲಿ ಕಂದು ಪುಡಿ ಇದ್ದರೆ ಕರೆಂಟ್ ತಗಡಿನ ಅಳತೆಗೆ ಹೆಚ್ಚಾಗಿತ್ತು: ತಗಡಿನ ಹತ್ತಿರದ ತಾಮ್ರದ ಅಯಾನುಗಳು ಮುಗಿಯುವ ವೇಗ ದೂರದವು ಬರುವ ವೇಗವನ್ನು ಮೀರಿದೆ, ತಾಮ್ರ ಪುಡಿಯಾಗಿ ಕೂತು ಉದುರಿದೆ. ಕ್ಯಾಥೋಡಿನಲ್ಲಿ ಗುಳ್ಳೆ ಕಂಡಿದ್ದರೆ ಒಂದಷ್ಟು ಎಲೆಕ್ಟ್ರಾನುಗಳು ಜಲಜನಕ ಮಾಡಲು ಖರ್ಚಾಗಿವೆ. 2ಕ್ಕಿಂತ ಸಾಕಷ್ಟು ಕೆಳಗೆ, 1.8ರಷ್ಟು ಬಂದರೆ ತಗಡು ಒದ್ದೆಯಿತ್ತು ಅಥವಾ ಆಕ್ಸೈಡ್ ಹಿಡಿದಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ತೂಗಿ. ತೂಕ ಇಳಿದರೆ ನೀರೇ ಕಾರಣ.

ಆನೋಡುಗಳ ತೂಕ ಎಷ್ಟು ಇಳಿದಿದೆ ಎಂದೂ ನೋಡಬಹುದು, ಆದರೆ ತೀರ್ಪಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಆನೋಡಿನಿಂದ ತಾಮ್ರ ಅಯಾನಾಗಿ ಹೋಗುವುದರ ಜೊತೆಗೆ ಸಣ್ಣ ಕಣಗಳಾಗಿಯೂ ಉದುರುತ್ತದೆ. ಆನೋಡಾಗಿ ಪೆನ್ಸಿಲ್ ಸೀಸದ ಕಡ್ಡಿ ಬಳಸಿದರೆ ದ್ರಾವಣದ ತಾಮ್ರ ಕ್ರಮೇಣ ಕಡಿಮೆಯಾಗಿ ನೀಲಿ ತಿಳಿಯಾಗುತ್ತದೆ. ಕ್ಯಾಥೋಡಾಗಿ ಕಬ್ಬಿಣದ ಮೊಳೆಯನ್ನಂತೂ ಇಡಲೇಬೇಡಿ.

ಅದೇ ತಾಮ್ರ, ಆವೇಶ 1+

300 ಮಿ.ಲೀ. ನೀರಿಗೆ 30 ಗ್ರಾಂ ಉಪ್ಪು, 0.3 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ. ಒಲೆ ಆರಿಸಿ, ಬಿಸಿನೀರಿನ ಪಾತ್ರೆಯೊಳಗೆ ಜಾಡಿ ಇಟ್ಟು ಬಿಸಿ ಉಳಿಸಿಕೊಳ್ಳಿ. ಕ್ಯಾಥೋಡಿನಲ್ಲಿ ಜಲಜನಕ ಹೊರಡುತ್ತದೆ, ಹಾಗಾಗಿ ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಇಲ್ಲಿ ಒಂದು ಆನೋಡ್, ಒಂದು ಕ್ಯಾಥೋಡ್ ಸಾಕು. ಎರಡೂ ತಾಮ್ರದ್ದೇ ಆಗಿರಬೇಕು. ಉಪ್ಪುನೀರಿನಲ್ಲಿ ಕಾರ್ಬನ್ ಆನೋಡ್ ಇಟ್ಟರೆ ವಿಷಾನಿಲವಾದ ಕ್ಲೋರಿನ್ ಬರಬಹುದು.

ಈ ಬಾರಿ ತೂಗಬೇಕಾದದ್ದು ಆನೋಡನ್ನು. ಜಲಜನಕ ಮಾಡಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಕರೆಂಟ್ ಮೊದಲಿಗಿಂತ ಕಡಿಮೆ ಇರುತ್ತದೆ, ಬಂದಷ್ಟನ್ನು ಬರೆದುಕೊಳ್ಳಿ. ಸ್ವಲ್ಪ ಹೊತ್ತಿನಲ್ಲೇ ದ್ರಾವಣ ಹಳದಿಯಾಗಿ, ಆಮೇಲೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನೀಲಿ ಕಾಣುವುದಿಲ್ಲ. ಆನೋಡಿನಿಂದ 1+ ಆಗಿ ಹೊರಟ ತಾಮ್ರವನ್ನು ಕ್ಲೋರೈಡ್ ಹಿಡಿದುಕೊಳ್ಳುತ್ತದೆ, ಹೈಡ್ರಾಕ್ಸೈಡ್ ಎದುರಾದಾಗ ಅದು ಕ್ಯುಪ್ರಸ್ ಆಕ್ಸೈಡ್ ಆಗಿ ಕಿತ್ತಳೆ ಕೆಸರಾಗುತ್ತದೆ.

30 ನಿಮಿಷ, 0.40 ಆಂಪಿಯರ್ ಎಂದರೆ 720 ಕೂಲಂಬ್. ಆನೋಡ್ 0.46 ಗ್ರಾಂ ಕಳೆದುಕೊಂಡಿದ್ದರೆ: ಎಲೆಕ್ಟ್ರಾನುಗಳು 4.49 × 10²¹, ಪರಮಾಣುಗಳು 4.36 × 10²¹, ಉತ್ತರ 1.03. ಆವೇಶ 2+ ಆಗಿದ್ದರೆ ಇಳಿಯಬೇಕಿದ್ದದ್ದು 0.24 ಗ್ರಾಂ ಮಾತ್ರ. ಆನೋಡಿಗೆ ಅಂಟಿದ ಕಿತ್ತಳೆ ಪುಡಿಯನ್ನು ನೀರಿನಡಿ ಮೆತ್ತಗೆ ಉಜ್ಜಿ ತೆಗೆದ ಮೇಲೆಯೇ ತೂಗಬೇಕು. ದ್ರಾವಣ ಆರಿ ತಣ್ಣಗಾದರೆ ಆನೋಡಿನ ಮೇಲೆ ಪೊರೆ ಕಟ್ಟಿ, ಸ್ವಲ್ಪ ತಾಮ್ರ 2+ ಆಗಿಯೂ ಹೋಗಿ ಉತ್ತರ 1.2, 1.3 ಎಂದು ನಡುವೆ ನಿಲ್ಲಬಹುದು. ಹಾಗೆ ಬಂದರೆ ಆವೇಶ ಒಂದೂಕಾಲು ಎಂದು ಬರೆಯಬೇಡಿ. ಅದು ಎರಡು ಬಗೆಯ ಅಯಾನುಗಳ ಸರಾಸರಿ. ಬಿಸಿ ಉಳಿಸಿಕೊಂಡು ಮತ್ತೊಮ್ಮೆ ಮಾಡಿ.

ಉಳಿದ ದ್ರಾವಣ

ನೀಲಿ ದ್ರಾವಣವನ್ನು ಸೋಸಿ, ಬಾಟಲಿಗೆ ಹೆಸರು ಬರೆದು ಅಂಟಿಸಿ ಇಟ್ಟರೆ ಇನ್ನೂ ಹಲವು ಬಾರಿ ಆಗುತ್ತದೆ. ತಾಮ್ರದ ಅಯಾನು ಮೀನಿಗೆ ವಿಷ. ಬಚ್ಚಲಿಗೆ, ಕೆರೆಗೆ, ಬಾವಿಯ ಹತ್ತಿರ ಸುರಿಯಬೇಡಿ. ವಿಲೇವಾರಿ ಮಾಡಲೇಬೇಕಾದರೆ ಸುಣ್ಣದ ತಿಳಿಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಕಲಕಿ. ಮೊದಲು ಆಸಿಡ್ ತಣಿಯುತ್ತದೆ, ಆಗ ಬಿಸಿಯಾಗುತ್ತದೆ. ಆಮೇಲೆ ತಾಮ್ರ ತಿಳಿನೀಲಿ ಗಸಿಯಾಗಿ ತಳ ಸೇರುತ್ತದೆ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಮಲೆನಾಡಿನ ತೋಟಗಳಲ್ಲಿ ಬೋರ್ಡೋ ಪರೀಕ್ಷಿಸುವ ಕ್ರಮವೇ ಸರಿ: ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗು ಕೆಂಪಾದರೆ ದ್ರಾವಣದಲ್ಲಿ ತಾಮ್ರದ 2+ ಅಯಾನುಗಳು ಇನ್ನೂ ಉಳಿದಿದ್ದು, ಕಬ್ಬಿಣದಿಂದ ಎರಡೆರಡು ಎಲೆಕ್ಟ್ರಾನು ಪಡೆದು ಅಲಗಿನ ಮೇಲೆ ತಾಮ್ರವಾಗಿ ಕೂತಿವೆ ಎಂದರ್ಥ. ಇನ್ನಷ್ಟು ಸುಣ್ಣ ಹಾಕಿ, ಅಲಗನ್ನು ಉಜ್ಜಿ ಮತ್ತೆ ಅದ್ದಿ. ಕೆಂಪಾಗದಿದ್ದರೆ ಗಸಿಯನ್ನು ಸೋಸಿ, ಒಣಗಿಸಿ, ಪ್ರಯೋಗಾಲಯದ ತ್ಯಾಜ್ಯದ ಡಬ್ಬಿಗೆ ಹಾಕಿ.